ಸುದ್ದಿ ಮುಟ್ಟಿಸಬೇಕಾದವರು

ಆಫ್ ಮಾಡಿ ಆನ್ ಮಾಡಿದ ಮೇಲೆ ಆ ಪ್ರಿಂಟರಿಗೆ ಮೈತಿಳಿದು ಏಳಲು ನಾಲ್ಕು ನಿಮಿಷ ಬೇಕು. ಮೊದಲ ಎರಡು ನಿಮಿಷ ವೇಣಿ ಅದರ ಬೆಚ್ಚಗಿನ ಮುಚ್ಚಳದ ಮೇಲೆ ಅಂಗೈಯಿಟ್ಟುಕೊಂಡು, ಸ್ವಲ್ಪ ಹೊತ್ತಿಗೆ ಮುಂಚೆ ಹನುಮೇಶ ಅಂದ ಮಾತನ್ನೇ ಮೆಲುಕು ಹಾಕುತ್ತಿದ್ದಳು. ಮೂರನೆಯ ನಿಮಿಷದಲ್ಲಿ, ಒಳಗೆಲ್ಲೋ ಗಾಲಿಗಳು ಗಿರಕ್ಕನೆ ತಿರುಗಿ ನಿಂತಾಗ, ಪಟ್ಟಿ ಉಳಿಸಿಕೊಳ್ಳದೆಯೇ ಗುಂಡಿ ಒತ್ತಿಬಿಟ್ಟೆ ಎಂಬುದು ಹೊಳೆಯಿತು. ಆದರೂ ಕೈ ತೆಗೆಯಲಿಲ್ಲ. ಹೀಗೆ ಅದುಮಿ ಹಿಡಿದುಕೊಂಡಿದ್ದರೆ ಒಳಗೆ ಅಳಿಸಿಹೋಗುತ್ತಿರುವುದು ಅಲ್ಲಿಗೇ ನಿಂತೀತು ಎನ್ನುವ ಹಾಗೆ ನಿಂತೇ ಇದ್ದಳು. ನಾಲ್ಕನೆಯ ನಿಮಿಷಕ್ಕೆ ಹಸಿರು ದೀಪ ಹತ್ತಿತು. ಬೆಳಗಿನಿಂದ ಸಿಕ್ಕಿಕೊಂಡಿದ್ದ ಕಾಗದಗಳೆಲ್ಲ ಒಂದರ ಹಿಂದೆ ಒಂದು ಹೊರಗೆ ಬಂದು ತಟ್ಟೆಯಲ್ಲಿ ಬೀಳತೊಡಗಿದವು.

ಪಟ್ಟಿ ಎಂದರೆ ದೊಡ್ಡ ಸಂಗತಿಯೇನಲ್ಲ, ಬರೀ ಫೋನ್ ನಂಬರುಗಳು. ಮಹದೇವಪುರದ ಆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ರಜೆ ಚೀಟಿ, ಗೇಟ್ ಪಾಸು, ಸಂಬಳದ ಸರ್ಟಿಫಿಕೇಟು ಏನೇ ಇದ್ದರೂ ಹಾಜರಿ ನೋಡಿಕೊಳ್ಳುವ ಟೈಮ್ ಆಫೀಸಿನ ಈ ಒಂದೇ ಪ್ರಿಂಟರಿನ ಬಾಯಿಂದ ಬರಬೇಕು. ಮುಂಚೆಲ್ಲ ಕಾಂಟ್ರಾಕ್ಟ್ ಕೆಲಸಗಾರರು ಬೆಳಗಿನಿಂದ ಕಿಟಕಿಗೆ ಮುತ್ತಿಕೊಂಡು ‘ಆಯ್ತಾ ಮೇಡಂ, ಬಂತಾ ಮೇಡಂ’ ಎಂದು ತಲೆ ತಿನ್ನುತ್ತಿದ್ದರು. ಎರಡು ವರ್ಷದ ಹಿಂದೆ ಟೈಮ್ ಆಫೀಸಿನ ಮುಖ್ಯಸ್ಥನಾಗಿ ಬಂದ ಹನುಮೇಶ ಹೊಸ ಏರ್ಪಾಡು ಮಾಡಿದ. ಅರ್ಜಿ ಕೊಡುವಾಗ ತಮ್ಮ ನಂಬರು ಬರೆದುಕೊಟ್ಟು ಹೋಗಬೇಕು, ವೇಣಿ ಅದನ್ನು ಪ್ರಿಂಟರಿನ ಪಟ್ಟಿಗೆ ಸೇರಿಸಬೇಕು, ಕಾಗದ ಹೊರಬಿದ್ದ ಗಳಿಗೆಯಲ್ಲಿ ಪ್ರಿಂಟರೇ ಅವರ ಫೋನಿಗೆ ಮೆಸೇಜು ಕಳಿಸುತ್ತದೆ. ಮೆಸೇಜು ಬಂದವರು ಮಾತ್ರ ಕಿಟಕಿಗೆ ಬರಬೇಕು. ಯಂತ್ರ ಕೂರಿಸಿ ಹೋದ ಸರ್ವೀಸಿನವನು ಹೊರಡುವಾಗ ನಗುತ್ತಾ ಒಂದು ಮಾತು ಹೇಳಿದ್ದ: ‘ಮೇಡಂ, ಇದಕ್ಕೊಂದು ಕಾಯಿಲೆ ಇದೆ. ರೀಸ್ಟಾರ್ಟ್ ಮಾಡಿದ್ರೆ ಪ್ರಿಂಟ್ ಆಗ್ಬೇಕಿದ್ದ ಕಾಗದ ಎಲ್ಲಾ ನೆನಪಿರತ್ತೆ. ಯಾರಿಗೆ ಹೇಳ್ಬೇಕು ಅನ್ನೋದು ಮಾತ್ರ ಮರ್ತೋಗತ್ತೆ. ಆಫ್ ಮಾಡೋ ಮುಂಚೆ ಲಿಸ್ಟ್ ಸೇವ್ ಮಾಡ್ಕೊಂಡ್ಬಿಡಿ, ಆಮೇಲೆ ವಾಪಸ್ ಹಾಕ್ಬಿಡಿ, ಅಷ್ಟೇ.’ ಎರಡು ವರ್ಷದಲ್ಲಿ ಅವಳು ಒಂದು ಸಲವೂ ಮರೆತಿರಲಿಲ್ಲ.

ಮರೆಸಿದ್ದು ಹನುಮೇಶನ ಮಾತು. ಬೆಳಿಗ್ಗೆ ಸೂಪರ್‌ವೈಸರುಗಳೆಲ್ಲ ಸೇರಿದ್ದಾಗ ಅವನು ಕೈಚಪ್ಪಾಳೆ ತಟ್ಟಿ, ‘ಎಲ್ರೀ ನಮ್ಮ ಡಂಗೂರ ಡಿಪಾರ್ಟ್‌ಮೆಂಟು? ವೇಣಿ ಮೇಡಂ, ಇವತ್ತು ನಿಮ್ ತಮಟೆ ಸೌಂಡೇ ಇಲ್ವಲ್ಲ!’ ಎಂದಿದ್ದ. ಪ್ರಿಂಟರು ಕೆಟ್ಟು ನಿಂತಿದೆ ಎನ್ನುವುದಕ್ಕೆ ಅವನ ತಮಾಷೆ ಅದು. ಎಲ್ಲರೂ ನಕ್ಕರು. ವೇಣಿಯೂ ನಕ್ಕಳು, ಉಳಿದವರಿಗಿಂತ ಒಂದು ತುಸು ಹೆಚ್ಚೇ ಹೊತ್ತು. ಆಮೇಲೆ ಪ್ರಿಂಟರಿನ ಹತ್ತಿರಕ್ಕೆ ನಡೆದು ಹೋಗುವಷ್ಟರಲ್ಲಿ ಆ ನಗು ಮುಖದ ಮೇಲೆ ಒಣಗಿ ಬಿಗಿದುಕೊಂಡಿತ್ತು. ಇವನಿಗೆ ಗೊತ್ತಿದೆಯೋ ಇಲ್ಲವೋ? ಕೋಲಾರದ ಕಡೆಯವನು, ಪಟ್ಟಂದೂರು ಅಗ್ರಹಾರದ ಹಳೇ ಮಾತು ಇವನಿಗೆ ಯಾರು ಹೇಳಿಯಾರು? ಸುಮ್ಮನೆ ಬಾಯಿಗೆ ಬಂದದ್ದು ಅಂದಿರಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಆಡುತ್ತಿದ್ದೇನೆ. ಹೀಗೆಂದುಕೊಳ್ಳುತ್ತಲೇ ಅವಳ ಬೆರಳು ಗುಂಡಿಯ ಮೇಲೆ ಹೋಗಿತ್ತು.

ಅವಳ ಅಪ್ಪ ದಾಸಪ್ಪ ಪಟ್ಟಂದೂರು ಅಗ್ರಹಾರದ ಕುಳುವಾಡಿಯಾಗಿದ್ದ. ಊರೊಳಗೆ ಯಾರೇ ಕಣ್ಣು ಮುಚ್ಚಲಿ, ಸುತ್ತಣ ಹಳ್ಳಿಗಳ ನೆಂಟರಿಗೆಲ್ಲ ಸುದ್ದಿ ಮುಟ್ಟಿಸುವುದು ಅವನ ಪಾಲಿಗೆ ಬಂದದ್ದು. ಯಾವ ಮನೆಯ ಸಾವಿಗೆ ಯಾವ ಯಾವ ಊರಿನ ಯಾವ ಯಾವ ಮನೆಗೆ ಹೇಳಬೇಕು ಎನ್ನುವುದು ಅವನ ಬೆರಳ ಗೆಣ್ಣುಗಳಲ್ಲಿತ್ತು, ಬರೆದಿಟ್ಟದ್ದೊಂದೂ ಇಲ್ಲ. ಹೂಡಿ, ಕಾಡುಗೋಡಿ, ವರ್ತೂರು, ಗುಂಜೂರು ಎಂದು ಸೈಕಲ್ ತುಳಿದುಕೊಂಡು ಹೋಗಿ, ಅಂಗಳದಾಚೆಯೇ ನಿಂತು, ತಲೆಯ ವಸ್ತ್ರ ತೆಗೆದು ಕಂಕುಳಲ್ಲಿಟ್ಟುಕೊಂಡು ಕಾಯುತ್ತಿದ್ದ. ಬಾಯಿ ಬಿಡುವುದೇ ಬೇಕಿರಲಿಲ್ಲ. ಅವನನ್ನು ಕಂಡದ್ದೇ ಒಳಗಿನ ಹೆಂಗಸರು ಎದೆ ಬಡಿದುಕೊಂಡು ಹೊರಗೆ ಬರುತ್ತಿದ್ದರು. ಅಳು ಒಂದಿಷ್ಟು ಇಳಿದ ಮೇಲೆ ಯಾರೋ ಒಬ್ಬರು ಚೊಂಬು ತಂದು ಎತ್ತರದಿಂದ ಅವನ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಸುದ್ದಿ ಮುಟ್ಟಿಸಬಹುದು, ಜಗಲಿ ಮುಟ್ಟುವ ಹಾಗಿಲ್ಲ. ಬೇಸಿಗೆ ರಜೆಯಲ್ಲಿ ಅಪ್ಪನ ಸೈಕಲ್ಲಿನ ಅಡ್ಡಕಂಬಿಯ ಮೇಲೆ ಕೂತು ಹೋಗುತ್ತಿದ್ದ ವೇಣಿಗೆ ಒಂಬತ್ತೋ ಹತ್ತೋ ವಯಸ್ಸಿಗೆ ಇದು ಅರ್ಥವಾಗಿಹೋಯಿತು. ಸ್ಕೂಲಿನಲ್ಲಿ ಹುಡುಗರು ‘ವೇಣಿ ಅಪ್ಪ ಬಂದ, ಯಾರೋ ಸತ್ರು ಕಣ್ರೋ’ ಎಂದು ಕೂಗಿ ಓಡುತ್ತಿದ್ದರು. ಅವತ್ತಿನಿಂದ ಅವಳು ಯಾರಿಗೂ ಯಾವ ಸುದ್ದಿಯನ್ನೂ ತಾನಾಗಿ ಹೇಳಿದವಳಲ್ಲ. ಯಾರಿಗೆ ಪ್ರಮೋಷನ್ ಬಂತು, ಯಾರ ಹೆಂಡತಿ ಬಸುರಿ, ಯಾವುದೂ ಅವಳ ಬಾಯಿಂದ ಮೊದಲು ಬರಲಿಲ್ಲ. ವೇಣಿ ಮೇಡಂ ಬಾಯಿ ಗಟ್ಟಿ ಎಂದು ಆಫೀಸಿನಲ್ಲಿ ಹೊಗಳುತ್ತಾರೆ.

ತಟ್ಟೆ ತುಂಬಿದ ಕಾಗದವನ್ನೆಲ್ಲ ಬಾಚಿ ಜೋಡಿಸಿ, ನೋಡದೆ, ಗೋಡೆಯ ಗೂಡಿನಲ್ಲಿ ಇಟ್ಟು ಬಂದು ಅವಳು ಕಂಪ್ಯೂಟರಿನ ಮುಂದೆ ಕೂತಳು. ಶುಕ್ರವಾರ ಸಂಜೆ ಉಳಿಸಿಟ್ಟ ಹಳೆಯ ಪಟ್ಟಿ ಇತ್ತು. ಅದನ್ನೇ ಪ್ರಿಂಟರಿಗೆ ಹಾಕಿದಳು. ಬಹುಪಾಲು ಹೆಸರು ಮರಳಿ ಬಂದವು, ಹಾಗೆ ಮರಳಿ ಬಂದವರಿಗೆ ಆಗಲೇ ಹೊರಬಿದ್ದ ಕಾಗದದ ಮೆಸೇಜೂ ಹೋಯಿತು. ನಿನ್ನೆ, ಸೋಮವಾರ, ಸೇರಿಸಿದ ಹತ್ತೋ ಹನ್ನೊಂದೋ ನಂಬರು ಮಾತ್ರ ಹೋದದ್ದು ಹೋದದ್ದೇ. ಅವು ಅರ್ಜಿಗಳ ಮೇಲೆ ಇದ್ದಾವು, ಅರ್ಜಿಗಳು ಹನುಮೇಶನ ಮೇಜಿನ ಮೇಲಿವೆ. ಹೋಗಿ, ‘ಸಾರ್, ನಿನ್ನೆ ಅರ್ಜಿಗಳು ಒಂದ್ಸಲ ಕೊಡ್ತೀರಾ, ಲಿಸ್ಟ್ ಹೋಗ್ಬಿಡ್ತು’ ಎಂದರೆ ಮುಗಿಯುವ ಕೆಲಸ. ಅವನು ಬೈಯುವವನೂ ಅಲ್ಲ, ‘ತಮಟೆ ಹರ್ದೋಯ್ತಾ ಮೇಡಂ?’ ಎಂದು ನಕ್ಕಾನು ಅಷ್ಟೇ. ಆ ‘ಅಷ್ಟೇ’ ನೆನೆದದ್ದೇ ಅವಳ ಕಾಲು ಕುರ್ಚಿಯ ಕೆಳಗೆ ಇನ್ನೂ ಒಳಕ್ಕೆ ಸರಿಯಿತು. ಮಧ್ಯಾಹ್ನ ಅವನು ಊಟಕ್ಕೆ ಎದ್ದಾಗ ಮೇಜಿನಿಂದ ತಾನೇ ತೆಗೆದುಕೊಂಡರಾಯಿತು. ಅಲ್ಲಿಯವರೆಗೆ ಯಾರೂ ಬಂದು ಕೇಳುವುದಿಲ್ಲ. ಹೇಗೆ ಕೇಳಿಯಾರು? ತಮಗೆ ಹೇಳಲಿಲ್ಲ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲವಲ್ಲ. ಕಾಗದ ಇನ್ನೂ ಆಗಿಲ್ಲ ಎಂದುಕೊಂಡು ತಮ್ಮ ಪಾಡಿಗೆ ಪೆಟ್ಟಿಗೆ ಹೊರುತ್ತಿರುತ್ತಾರೆ. ಈ ಯೋಚನೆ ಬಂದಾಗ ಅವಳಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಆ ಸಮಾಧಾನದ ಬಗ್ಗೆಯೇ ಅಸಹ್ಯವಾಯಿತು. ದಾಸಪ್ಪ ಬರಲಿಲ್ಲ ಎಂದರೆ ಎಲ್ಲರೂ ಚೆನ್ನಾಗಿದ್ದಾರೆ ಎಂದು ಲೆಕ್ಕ, ಎಂದು ವರ್ತೂರಿನ ಮುದುಕಿಯೊಬ್ಬಳು ಅಪ್ಪನಿಗೆ ಹೇಳಿದ್ದು ಯಾಕೋ ನೆನಪಾಯಿತು.

ಹನ್ನೊಂದು ಗಂಟೆಗೆ ಕಿಟಕಿಯಲ್ಲಿ ನೆರಳು ಬಿತ್ತು. ಪ್ಯಾಕಿಂಗ್ ಶೆಡ್ಡಿನಲ್ಲಿ ಪೆಟ್ಟಿಗೆ ಹೊರುವ ರೇವಣಸಿದ್ದ. ಯಾದಗಿರಿಯ ಕಡೆಯವನು, ಇಪ್ಪತ್ತೆಂಟು ವರ್ಷ ಇದ್ದಾವು. ಅವಳ ಮನೆಯ ಎರಡು ಬೀದಿ ಆಚೆಗೆ, ಬಾಡಿಗೆ ರೂಮುಗಳ ಸಾಲಿನಲ್ಲಿ ಇನ್ನೂ ನಾಲ್ವರ ಜೊತೆ ಇದ್ದಾನೆ. ಕೆಲವು ಸಲ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಕಂಡು ತಲೆ ಬಾಗಿಸುತ್ತಿದ್ದ. ನಿನ್ನೆ ಸಂಜೆ ಅರ್ಜಿ ಕೊಟ್ಟು, ನಂಬರನ್ನು ಎರಡೆರಡು ಸಲ ಓದಿ ಹೇಳಿ ಹೋಗಿದ್ದವನು.

‘ಮೇಡಂ, ನನ್ನ ರಜಾ ಚೀಟಿ ಬಂತೇನ್ರಿ? ಊರಿಂದ ಫೋನ್ ಬಂದಿತ್ರಿ. ಅವ್ವ ಗಂಜಿ ಸೈತ ನುಂಗವಲ್ಲಳಂತ.’

ವೇಣಿ ಗೂಡಿನ ಕಡೆ ನೋಡಿದಳು. ಎದ್ದು ನಾಲ್ಕು ಹೆಜ್ಜೆ ಹೋದರೆ ಸಿಗುವ ಕಾಗದದ ಕಟ್ಟು. ಅಷ್ಟರಲ್ಲಿ ಹನುಮೇಶ ಚಹಾದ ಲೋಟ ಹಿಡಿದು ಅವಳ ಕುರ್ಚಿಯ ಹಿಂದೆ ಬಂದು ನಿಂತಿದ್ದ. ‘ಏನ್ರೀ ಇದು, ಮೆಸೇಜ್ ಬರ್ದೆ ಕಿಟಕಿಗೆ ಬರ್ಬೇಡಿ ಅಂತ ಎಷ್ಟ್ ಸಲ ಹೇಳೋದು ನಿಮಗೆಲ್ಲ?’ ಎಂದ, ಕೋಪವಿಲ್ಲದ ದನಿಯಲ್ಲಿ, ನೊಣ ಓಡಿಸುವ ಹಾಗೆ.

‘ಮೆಸೇಜ್ ಬಂದಿಲ್ರಿ ಸರ. ಅದಕ್ಕ ಕೇಳಾಕ ಬಂದೆ. ಬರಲಿಲ್ಲಂದ್ರ ಆಗಿಲ್ಲ ಅಂತಾನಾ ಏನ್ರಿ?’ ಅವನು ಹನುಮೇಶನಿಗೆ ಉತ್ತರ ಕೊಡುತ್ತಿದ್ದರೂ ಕಣ್ಣು ವೇಣಿಯ ಮೇಲಿತ್ತು.

‘ಹೌದಪ್ಪಾ,’ ಎಂದಳು ವೇಣಿ. ‘ಮೆಸೇಜ್ ಬಂದಿಲ್ಲ ಅಂದ್ರೆ ಆಗಿಲ್ಲ ಅಂತಾನೇ ಅರ್ಥ. ಆದ ತಕ್ಷಣ ಬರತ್ತೆ. ಹೋಗು, ಕೆಲಸ ನೋಡ್ಕೋ.’

ಅವನು ತಲೆಯಾಡಿಸಿ ಹೋದ. ಚೀಟಿಯಿಲ್ಲದೆ ಗೇಟು ದಾಟಿದರೆ ಅವನ ಮೇಸ್ತ್ರಿ ಯಂಕಪ್ಪ ಕಾರ್ಡು ಕಿತ್ತುಕೊಳ್ಳುತ್ತಾನೆ, ಮತ್ತೆ ಕೆಲಸಕ್ಕೆ ಸೇರಲು ತಿಂಗಳುಗಟ್ಟಲೆ ಅಲೆಯಬೇಕು. ಇದು ವೇಣಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಆಮೇಲೆ ಹುಡುಕಿದಳು. ನಿಯಮ ಹೇಳಿದೆ, ಇದ್ದದ್ದೇ ನಿಯಮ. ಇನ್ನೂ ಮಂಜೂರಾಗದೆಯೂ ಇರಬಹುದು. ಹನುಮೇಶ ಹೋದ ಮೇಲೆ ಎದ್ದು ನೋಡಬಹುದಿತ್ತು, ನೋಡಲಿಲ್ಲ. ನೋಡಿದರೆ ಅದು ಅಲ್ಲಿ ಇದ್ದುಬಿಟ್ಟರೆ? ಇಲ್ಲದಿದ್ದರೆ ನೋಡುವ ಅಗತ್ಯವೇ ಇಲ್ಲ, ಇದ್ದರೆ ನೋಡುವ ಧೈರ್ಯವಿಲ್ಲ. ಮಧ್ಯಾಹ್ನ ಹನುಮೇಶ ಊಟಕ್ಕೆ ಏಳಲೇ ಇಲ್ಲ, ಡಬ್ಬಿಯನ್ನು ಮೇಜಿನ ಮೇಲೇ ಬಿಚ್ಚಿಕೊಂಡ. ಅವಳು ಕ್ಯಾಂಟೀನಿಗೆ ಹೋಗಿ ಅನ್ನ ಸಾರು ಕಲಸಿ ಕಲಸಿ ಎದ್ದು ಬಂದಳು. ಅಪ್ಪ ಸಾವಿನ ಸುದ್ದಿ ಹೊತ್ತು ಹೊರಟ ದಿನ ಊಟ ಮಾಡುತ್ತಿರಲಿಲ್ಲ. ಕೊನೆಯ ಮನೆ ಮುಗಿಸಿ ಕೆರೆಯಲ್ಲಿ ಮುಳುಗಿ ಬಂದ ಮೇಲೆಯೇ ತಟ್ಟೆಯ ಮುಂದೆ ಕೂರುವುದು. ಹಸಿವಾಗಲ್ವೇನಪ್ಪಾ ಎಂದು ಒಮ್ಮೆ ಕೇಳಿದ್ದಳು. ಹೊಟ್ಟೆ ತುಂಬ ಮಾತಿರುವಾಗ ಕೂಳು ಎಲ್ಲಿ ಇಳಿಯುತ್ತೆ ಮಗಳೇ ಎಂದಿದ್ದ. ಈ ಹಾಳು ಹೋಲಿಕೆ ಯಾಕೆ ಬರುತ್ತಿದೆ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ನಾನು ಡಿಪ್ಲೊಮಾ ಮಾಡಿದವಳು, ಇದು ಕಂಪ್ಯೂಟರಿನ ಕೆಲಸ.

ಮೂರೂ ಮುಕ್ಕಾಲಿಗೆ ಕ್ಯಾಂಟೀನಿನ ದಾನೇಶ್ವರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ‘ಮೇಡಂ, ಬೈಬ್ಯಾಡ್ರಿ. ಮೆಸೇಜ್ ಬಂದಿಲ್ಲ, ಸುಮ್ಮ ಈ ಕಡೆ ಬಂದಿದ್ದೆ, ಕೇಳೋಣು ಅಂತ ಬಂದೆ. ನಂದು ಸಂಬಳದ ಸರ್ಟಿಫಿಕೇಟು ಆಗೇತೇನ್ರಿ?’ ಅವಳದೂ ಸೋಮವಾರದ ಅರ್ಜಿಯೇ. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ವೇಣಿ ಕಟ್ಟು ತೆಗೆದು ಬಿಚ್ಚಿದಳು. ಸರ್ಟಿಫಿಕೇಟು ಮೇಲೆಯೇ ಇತ್ತು. ದಾನೇಶ್ವರಿ ‘ಅಯ್ಯ, ಆಗೇಬಿಟ್ಟೈತಿ!’ ಎಂದು ಖುಷಿಯಿಂದ ಇಸಿದುಕೊಂಡು ಹೋದಳು. ಅದರ ಕೆಳಗೆ ಇನ್ನೊಂದು ಚಿಕ್ಕ ಕಾಗದ. ರೇವಣಸಿದ್ದ, ಪ್ಯಾಕಿಂಗ್ ವಿಭಾಗ, ಹನ್ನೆರಡು ದಿನ, ತಾಯಿಯ ಅನಾರೋಗ್ಯ. ವೇಣಿ ಅಷ್ಟು ಓದಿದಳು, ಮುಂದೆ ಓದಲಾಗಲಿಲ್ಲ. ಬೆಳಿಗ್ಗೆಯೇ ಬಿದ್ದದ್ದು ಇದು. ಅವನು ಕಿಟಕಿಯಲ್ಲಿ ನಿಂತು ಕೇಳುತ್ತಿದ್ದಾಗಲೂ ಇಲ್ಲೇ, ನಾಲ್ಕು ಹೆಜ್ಜೆ ದೂರದಲ್ಲಿ ಇತ್ತು.

ಪ್ಯಾಕಿಂಗ್ ಶೆಡ್ಡಿಗೆ ಟೈಮ್ ಆಫೀಸಿನಿಂದ ಇನ್ನೂರು ಹೆಜ್ಜೆ ಇರಬಹುದು. ಚೀಟಿ ಹಿಡಿದು ಹೊರಟರೆ ಎರಡು ನಿಮಿಷ. ಶೆಡ್ಡಿನ ಒಳಗೆ ಟೈಮ್ ಆಫೀಸಿನವರು ಹೋಗುವಂತಿಲ್ಲ, ಹಳದಿ ಗೆರೆಯ ಆಚೆ ನಿಲ್ಲಬೇಕು. ನಿಂತು ಹೆಸರು ಹಿಡಿದು ಕೂಗಬೇಕು. ಪೆಟ್ಟಿಗೆ ಹೊರುತ್ತಿದ್ದವರೆಲ್ಲ ತಿರುಗಿ ನೋಡುತ್ತಾರೆ, ಅವನ ಮುಖ ಬಿಳಿಚಿಕೊಳ್ಳುತ್ತದೆ, ಆಮೇಲೆ ಅವನು ಹತ್ತಿರ ಬರುವವರೆಗೆ ತಾನು ಹಾಗೇ ಕಾಗದ ಹಿಡಿದುಕೊಂಡು ಕಾಯುತ್ತಿರಬೇಕು. ಆ ನಿಲುವು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಭುಜ ತುಸು ಬಾಗಿಸಿ, ಕಣ್ಣು ನೆಲದಲ್ಲಿಟ್ಟು ನಿಲ್ಲುವ ನಿಲುವು. ಬಾಗಿಲವರೆಗೆ ಹೋದಳು. ಬಾಗಿಲ ಹಿಡಿಯ ಮೇಲೆ ಕೈಯನ್ನೂ ಇಟ್ಟಳು. ಅಲ್ಲಿಂದ ತಿರುಗಿ ಬಂದು ಕುರ್ಚಿಯಲ್ಲಿ ಕೂತು, ನಿನ್ನೆ ಅವನು ಎರಡೆರಡು ಸಲ ಓದಿ ಹೇಳಿ ಅವಳಿಗೂ ಬಾಯಿಗೆ ಬಂದಿದ್ದ ನಂಬರನ್ನು ಪಟ್ಟಿಗೆ ಹೊಸದಾಗಿ ಸೇರಿಸಿ, ಆಗಿಹೋದ ಕೆಲಸಗಳ ಸಾಲಿನಲ್ಲಿ ಅವನ ಚೀಟಿಯನ್ನು ಹುಡುಕಿ ಮತ್ತೊಮ್ಮೆ ಪ್ರಿಂಟ್ ಕೊಟ್ಟಳು. ಯಂತ್ರ ಗುರುಗುಟ್ಟಿ ಹೊಸ ಕಾಗದ ಹೊರಗೆ ಹಾಕಿತು. ತೆರೆಯ ಮೂಲೆಯಲ್ಲಿ ‘ತಿಳಿಸಲಾಗಿದೆ, ೩.೫೮’ ಎಂದು ಬಂತು. ಹಳೆಯ ಚೀಟಿಯನ್ನು ಎಂಟು ಚೂರು ಮಾಡಿ, ನಾಲ್ಕನ್ನು ಒಂದು ಬುಟ್ಟಿಗೂ ನಾಲ್ಕನ್ನು ಇನ್ನೊಂದಕ್ಕೂ ಹಾಕಿದಳು.

ಮೂರೇ ನಿಮಿಷದಲ್ಲಿ ರೇವಣಸಿದ್ದ ಓಡಿ ಬಂದ. ಎದೆ ಏರಿಳಿಯುತ್ತಿತ್ತು, ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ‘ಬಂತ್ರಿ ಮೇಡಂ, ಈಗ ಬಂತು ಮೆಸೇಜು!’ ಎಂದು ಫೋನು ತೋರಿಸಿದ, ಅವಳು ನಂಬಲಿಕ್ಕಿಲ್ಲ ಎನ್ನುವ ಹಾಗೆ. ಚೀಟಿ ಕೊಟ್ಟಾಗ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ‘ನಿಮಗ ಪುಣ್ಯ ಬರ್ತದ್ರಿ’ ಎಂದ. ಮಧ್ಯಾಹ್ನದ ಬಸ್ಸು ಹೋಗಿರುತ್ತೆ, ರಾತ್ರಿಯದು ಸಿಗುತ್ತೆ ಎಂದು ತನಗೇ ಹೇಳಿಕೊಳ್ಳುತ್ತಾ ಗೇಟಿನ ಕಡೆ ಓಡಿದ. ಪುಣ್ಯ ಎಂಬ ಮಾತು ವೇಣಿಗೆ ಚುಚ್ಚಿತು. ಆದರೆ ಅದರ ಜೊತೆಗೇ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಮೈ ಹಗುರವೂ ಆಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಸಂಜೆ ಹನುಮೇಶ ಎದ್ದು ಹೋದ ಮೇಲೆ ಉಳಿದವರ ನಂಬರುಗಳನ್ನೂ ಅರ್ಜಿ ನೋಡಿ ಸೇರಿಸಿದಳು. ಯಾರಿಗೂ ಗೊತ್ತಾಗಲಿಲ್ಲ. ಹನುಮೇಶನಿಗೂ ಇಲ್ಲ.

ಅವಳು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಐಟಿ ಪಾರ್ಕಿನ ಗಾಜಿನ ಗೋಡೆಗಳ ಹಿಂದೆ ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಅವಳವ್ವ ಮುನಿಯಕ್ಕ ಬಾಗಿಲ ಮೆಟ್ಟಿಲ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ವೇಣಿ ಚಪ್ಪಲಿಯನ್ನೂ ಬಿಡದೆ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು. ಆಮೇಲೆ ವೇಣಿ, ಕಾಳಿನಿಂದ ಕಣ್ಣೆತ್ತದೆ, ‘ಅಪ್ಪ ಯಾವತ್ತಾದ್ರೂ ಒಂದ್ ಮನೆಗೆ ಹೇಳೋದು ಮರ್ತಿದ್ದುಂಟಾ ಅವ್ವಾ?’ ಎಂದು ಕೇಳಿದಳು.

ಮುನಿಯಕ್ಕ ಮಗಳ ಮುಖ ನೋಡಿದಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಆ ಕೆಲಸದ ಮಾತನ್ನು ಮಗಳು ತಾನಾಗಿ ಎತ್ತಿದ್ದು ಇದೇ ಮೊದಲು.

‘ಒಂದು ಕಿತ ಮರ್ತಿದ್ದ. ನೀನಿನ್ನೂ ಉಟ್ಟಿರ್ಲಿಲ್ಲ. ಮೇಲ್ಬೀದಿ ದೊಡ್ಡವ್ವ ಸತ್ತಾಗ ಗುಂಜೂರಿಗೆ ಕೊಟ್ಟಿದ್ದ ಮಗ್ಳು ಭದ್ರಮ್ಮಂಗೆ ಏಳ್ದೆ ಬಂದ್ಬುಟ್ಟ. ಎಲ್ಲಾ ಮನೆಗೂ ಏಳಾಯ್ತು ಅಂತ್ಲೇ ಅವ್ನು ತಿಳ್ಕಂಡಿದ್ದ. ಅಣ್ಣತಮ್ಮದೀರಿಗೂ ಅವ್ಳಿಗೂ ಅದೇನೋ ಮಾತು ಬಿಟ್ಟೋಗಿತ್ತಂತೆ. ಕೋಪಕ್ಕೆ ಮಣ್ಣಿಗೂ ಬರ್ಲಿಲ್ಲ ಪಾಪಿ ಅಂತ ಅವ್ರಂದ್ಕಂಡ್ರು. ಇವ್ಳು ಗೌರಿ ಅಬ್ಬಕ್ಕೆ ಅವ್ವ ಬಾಗ್ನ ಕಳಿಸ್ಲಿಲ್ಲ ಅಂತ ಜಗಳ ತೆಗ್ಯಕ್ಕೆ ಬಂದ್ಲು ಕಣವ್ವಾ. ಬಂದು ನೋಡಿದ್ರೆ ಗೋಡೇಲಿ ಅವ್ವನ ಪಟ, ಊವಿನ ಆರ.’

ವೇಣಿಯ ಬೆರಳ ನಡುವಿನಿಂದ ಕಾಳು ಜಾರಿ ಮೆಟ್ಟಿಲ ಮೇಲೆ ಉರುಳಿತು. ‘ಆಮೇಲೆ?’

‘ಆಮೇಲೇನು. ಗೊತ್ತಾದ ಮಾರ್ನೇ ದಿನ ನಿಮ್ಮಪ್ಪ ಗುಂಜೂರಿಗೆ ಓದ. ಬ್ಯಾಡ ಕಣಯ್ಯಾ, ಒಡೀತಾರೆ ಅಂದೆ. ಕೇಳ್ಲಿಲ್ಲ. ಅವ್ಳ ಅಂಗಳದ ತಾವ ನಿಂತ್ಕಂಡು, ತಾಯೀ ನಾನು ಮರ್ತೆ, ನಂದೇ ತಪ್ಪು ಅಂದ್ನಂತೆ. ಅವ್ಳು ಒಂದ್ ಮಾತೂ ಆಡ್ಲಿಲ್ಲ, ಬಾಕ್ಲು ಆಕ್ಕಂಡ್ಲು. ಬಯ್ದಿದ್ರೆ ಚೆನ್ನಾಗಿತ್ತು ಕಣೇ ಮುನಿ ಅಂತ ಸಾಯೋಗಂಟ ಅಂತಿದ್ದ.’ ಮುನಿಯಕ್ಕ ಸಿಪ್ಪೆಗಳನ್ನು ಮೊರದ ಒಂದು ಬದಿಗೆ ಸರಿಸಿದಳು. ‘ಯಾಕೆ ಕೇಳ್ದೆ ಈಗ?’

‘ಸುಮ್ನೆ,’ ಎಂದಳು ವೇಣಿ.

ಅಲ್ಲಿಂದ ಮುಂದಿನ ದಿನಗಳು ಒಂದೇ ವಾಕ್ಯದ ಸುತ್ತ ಸುತ್ತಿದವು. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಹನುಮೇಶ ಏನೋ ಹೇಳುತ್ತಿರುವಾಗ ತಲೆಯಾಡಿಸುತ್ತಲೇ, ಅವಳು ರೇವಣಸಿದ್ದನಿಗೆ ಹೇಳಬೇಕಾದ ಮಾತನ್ನು ಕಟ್ಟಿ ಒಡೆದು ಕಟ್ಟುತ್ತಿದ್ದಳು. ಪ್ರತಿ ಸಲವೂ ಅದು ‘ಮಿಷಿನ್ದು’ ಎಂದೇ ಶುರುವಾಗುತ್ತಿತ್ತು. ಮಿಷಿನ್ದು ತಪ್ಪಾಗಿ, ಮಿಷಿನ್ದು ಲಿಸ್ಟ್ ಹೋಗಿ, ಮಿಷಿನ್ನಿಗೆ ಮರೆವು ಜಾಸ್ತಿ. ‘ನಾನು’ ಎಂದು ಶುರುಮಾಡಲು ನೋಡಿದರೆ ಮುಂದಿನ ಪದವೇ ಸಿಗುತ್ತಿರಲಿಲ್ಲ. ಒಂದು ದಿನ, ಅವನ ತಾಯಿ ಹುಷಾರಾಗಿದ್ದಾಳು, ಅವನು ಪೇಡೆ ತಂದಾನು ಎಂದುಕೊಂಡಳು. ಹಾಗಾದರೆ ಹೇಳುವ ಅಗತ್ಯವೇ ಬೀಳುವುದಿಲ್ಲ. ಅಪರಿಚಿತ ಹೆಂಗಸೊಬ್ಬಳು ಬದುಕಲಿ ಎಂದು ಅವಳು ಹರಕೆ ಹೊತ್ತಳು, ಅದೂ ತನ್ನ ಸಲುವಾಗಿ. ಎರಡು ಬೀದಿ ಆಚೆಯ ಬಾಡಿಗೆ ರೂಮುಗಳ ಹತ್ತಿರ ಹೋಗಿ ಅವನ ಜೊತೆಯವರನ್ನು ಕೇಳಿದ್ದರೆ ಐದು ನಿಮಿಷದಲ್ಲಿ ತಿಳಿದುಕೊಳ್ಳಬಹುದಿತ್ತು. ಆ ಬೀದಿ ತಪ್ಪಿಸಿ ಸುತ್ತು ದಾರಿಯಲ್ಲಿ ಬಸ್‌ಸ್ಟಾಪಿಗೆ ಹೋದಳು.

ಹದಿಮೂರನೆಯ ದಿನ ಬೆಳಿಗ್ಗೆ ಅವನು ಕಿಟಕಿಗೆ ಬಂದ. ಮುಖ ಇಳಿದಿತ್ತು, ಗಡ್ಡ ಬೆಳೆದಿತ್ತು. ಕೇಳುವುದು ಬೇಡವಾಗಿತ್ತು, ಆದರೂ ಕೇಳಿದಳು.

‘ಅಮ್ಮ ಹೇಗಿದ್ದಾರೆ?’

‘ತೀರಿಕೊಂಡಳ್ರಿ. ನಾ ಮುಟ್ಟೂದರಾಗ ಮೂರು ತಾಸು ಆಗಿತ್ತಂತ. ಕಡೀತನಕ ಮಾತಿತ್ತಂತ್ರಿ. ಸಿದ್ದಗ ಚೀಟಿ ಸಿಕ್ತೇನು, ಸಿದ್ದಗ ಚೀಟಿ ಸಿಕ್ತೇನು ಅಂತ ಅಕ್ಕಗ ಕೇಳಿ ಕೇಳಿ…’ ಅವನು ಅಲ್ಲಿಗೆ ನಿಲ್ಲಿಸಿ ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದುಕೊಂಡ.

ಈಗಲೇ ಎಂದುಕೊಂಡಳು ವೇಣಿ. ‘ರೇವಣಸಿದ್ದ, ಅವತ್ತು ನಿಮ್ಮ ಮೆಸೇಜ್ ಸ್ವಲ್ಪ ಲೇಟಾಗಿ… ಮಿಷಿನ್ದು ಏನೋ ಆಗಿ…’

ಅವನು ಅಂಗಿಯ ಜೇಬಿನಿಂದ ಎರಡು ಮಡಿಕೆ ಮಾಡಿದ ರಜೆ ಚೀಟಿ ತೆಗೆದು ಕಿಟಕಿಯ ಕೆಳಗಿನ ಸಂದಿನಲ್ಲಿ ಒಳಕ್ಕೆ ತಳ್ಳಿದ. ಕೆಲಸಕ್ಕೆ ಮರಳಿದವರು ಚೀಟಿ ವಾಪಸು ಕೊಟ್ಟು ಮೊಹರು ಹಾಕಿಸಿಕೊಳ್ಳಬೇಕು. ಅವಳು ಬಿಡಿಸಿ ಮೇಜಿನ ಮೇಲೆ ಅಂಗೈಯಿಂದ ಸವರಿ ನೆಟ್ಟಗೆ ಮಾಡಿದಳು. ಮಡಿಕೆಯ ಗೆರೆ ಬೆವರಿಗೆ ಹರಿಯುವಷ್ಟು ಸವೆದಿತ್ತು. ಹನುಮೇಶನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ, ದಿನವೂ ನೂರು ಚೀಟಿಗಳ ಮೇಲೆ ನೋಡಿ ನೋಡದಂತಾಗಿದ್ದ ಸಾಲು ಇತ್ತು: ಮಂಜೂರಾದ ಸಮಯ, ಬೆಳಿಗ್ಗೆ ೯.೫೨. ಎರಡನೇ ಸಲ ಪ್ರಿಂಟ್ ಕೊಟ್ಟರೂ ಕಾಗದ ಅದೇ, ಸಮಯವೂ ಅದೇ. ಅವಳು ಬೆರಳನ್ನು ಆ ಸಾಲಿನ ಮೇಲಿಟ್ಟು ಮುಚ್ಚಿದಳು, ಆಮೇಲೆ ತೆಗೆದಳು.

‘ಬಸ್ಸಿನಾಗ ಓದಿದೆ ರಿ,’ ಎಂದ ರೇವಣಸಿದ್ದ. ದನಿ ಏರಲಿಲ್ಲ. ‘ನಾ ಹನ್ನೊಂದಕ್ಕ ಬಂದು ನಿಮ್ಮನ್ನ ಕೇಳಿದ್ದೆ. ಆಗ ಕೊಟ್ಟಿದ್ರ ಮಧ್ಯಾಹ್ನದ ಬಸ್ಸಿಗೆ ಕುಂತು ರಾತ್ರಿ ಅವ್ವನ ಮುಂದ ಇರ್ತಿದ್ದೆ. ಆಕಿ ಹೋಗಿದ್ದು ಮುಂಜಾನಿ ನಾಕಕ್ಕ.’

‘ನಾನು…’ ಎಂದಳು ವೇಣಿ. ಆ ಪದ ಬಂದೇಬಿಟ್ಟಿತ್ತು. ‘ನಾನು ನೋಡ್ಲಿಲ್ಲ. ಅದ್ರಲ್ಲಿ ಟೈಮ್ ಇದೆ ಅನ್ನೋದು ನಾನು…’

‘ನೋಡಿದ್ರೂ ಏನ್ ಮಾಡ್ತಿದ್ರಿ. ಇಂವ ಪೆಟಗಿ ಹೊರಾಂವ, ಇವಗೇನು ಓದಾಕ ಬರ್ತದ ಅಂತ ಕೊಟ್ಟೇ ಕೊಡ್ತಿದ್ರಿ.’ ಅವನು ಮೊದಲ ಸಲ ಅವಳ ಕಣ್ಣಿಗೆ ಕಣ್ಣಿಟ್ಟು ನೋಡಿದ. ‘ನನಗ ಓದಾಕ ಬರ್ತದ್ರಿ ಮೇಡಂ.’

ಹಿಂದೆ ಯಾರೋ ಕುರ್ಚಿ ಎಳೆದರು, ಹನುಮೇಶ ಫೋನಿನಲ್ಲಿ ಯಾರಿಗೋ ನಗುತ್ತಾ ಏನೋ ಹೇಳುತ್ತಿದ್ದ. ಕಿಟಕಿಯ ಗಾಜಿನಲ್ಲಿ ವೇಣಿಗೆ ತನ್ನ ಮುಖವೂ ಅವನ ಮುಖವೂ ಒಂದರ ಮೇಲೊಂದು ಕಂಡವು. ಬಾಗಿಲು ತೆಗೆದು ಹೊರಗೆ ಹೋಗಿ ಅವನ ಎದುರು ನಿಲ್ಲಬೇಕೆನ್ನಿಸಿತು, ನಿಂತು ಮಾಡುವುದಾದರೂ ಏನು ಎಂದೂ ಅನ್ನಿಸಿತು.

‘ಒಂದು ಕೆಲಸ ಮಾಡ್ರಿ,’ ಎಂದ ಅವನು. ‘ನನ್ನ ನಂಬರ್ ಆ ಪಟ್ಟಿಯಾಗಿಂದ ತಗದಬಿಡ್ರಿ. ಇನ್ಮ್ಯಾಲ ನಾನಾ ಬಂದು ಇಲ್ಲೇ ನಿಂತು ಕೇಳ್ತೀನಿ. ಯಾರು ಬೈದ್ರೂ ಬೈಲಿ.’

ಅವಳು ತೆರೆಯ ಮೇಲೆ ಅವನ ಹೆಸರು ಹುಡುಕಿದಳು. ಸಿಕ್ಕಿತು. ತೆಗೆಯಲೇ ಎಂದು ಯಂತ್ರ ಕೇಳಿತು. ಅವಳು ಒಮ್ಮೆ ಅವನ ಕಡೆ ನೋಡಿದಳು, ಅವನು ಬೇಡ ಎಂದಾನೋ ಎನ್ನುವ ಹಾಗೆ. ಅವನು ಕಾಯುತ್ತಿದ್ದ. ಅವಳು ಒತ್ತಿದಳು. ಹೆಸರು ಹೋಯಿತು, ಕೆಳಗಿನ ಹೆಸರುಗಳು ಒಂದೊಂದು ಮೆಟ್ಟಿಲು ಮೇಲೆ ಬಂದು ಕೂತವು. ಪಟ್ಟಿಯಿಂದ ತೆಗೆದವರಿಗೂ ಯಂತ್ರ ಕೊನೆಯದಾಗಿ ಒಂದು ಮೆಸೇಜು ಕಳಿಸುತ್ತದೆ, ಇನ್ನು ಮುಂದೆ ನಿಮಗೆ ತಿಳಿಸಲಾಗುವುದಿಲ್ಲ ಎಂದು. ರೇವಣಸಿದ್ದನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಅವನು ಅದನ್ನು ತೆಗೆದು ನೋಡಲಿಲ್ಲ. ಅವಳು ಮೊಹರು ಒತ್ತಿ ಕೊಡುವುದನ್ನು ಕಾಯುತ್ತಾ ಕಿಟಕಿಯ ಮುಂದೆಯೇ ನಿಂತಿದ್ದ.